ಎಷ್ಟು ಪರ್ಸೆಂಟ್ ಬೇಕು? ಸ್ನಾತಕೋತ್ತರ ಪ್ರವೇಶ ಮತ್ತು ರೋಣ–ಗಜೇಂದ್ರಗಡ ಭಾಗದ ವಿದ್ಯಾರ್ಥಿಗಳು

ಬಿ.ಎ., ಬಿ.ಕಾಂ., ಬಿ.ಎಸ್‌ಸಿ.ಯಂಥ ಮೊದಲ ಪದವಿ ಮುಗಿದ ಮೇಲೆ ವಿಶ್ವವಿದ್ಯಾಲಯಗಳು ನೀಡುವ ಮುಂದಿನ ಹಂತದ ಶಿಕ್ಷಣವನ್ನು ಸ್ನಾತಕೋತ್ತರ ಶಿಕ್ಷಣವೆಂದು ಕರೆಯಲಾಗುತ್ತದೆ, ಎಂ.ಎ., ಎಂ.ಕಾಂ., ಎಂ.ಎಸ್‌ಸಿ., ಎಂ.ಬಿ.ಎ., ಎಂ.ಸಿ.ಎ., ಎಂ.ಎಸ್.ಡಬ್ಲ್ಯು. ಮೊದಲಾದವು ಇದರಲ್ಲಿ ಸೇರುತ್ತವೆ, ಪಿಎಚ್.ಡಿ. ಇವೆಲ್ಲದರ ಮೇಲಿನ ಹಂತ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ, ಮುಶಿಗೇರಿಯಂಥ ಹಳ್ಳಿಗಳಲ್ಲಿ, ಈ ಶಿಕ್ಷಣದ ಮಾತು ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ‘ಎಷ್ಟು ಪರ್ಸೆಂಟ್ ಬೇಕು’ ಎಂಬುದು. ಪ್ರಶ್ನೆ ತಪ್ಪಲ್ಲ, ಆದರೆ ಅಪೂರ್ಣ. ಏಕೆಂದರೆ ಅಂಕ ಸಾಕಷ್ಟಿದ್ದೂ ಪದವಿಯಲ್ಲಿ ಓದಿದ ವಿಷಯ ಹೊಂದದೆ, ಜಾತಿ–ಆದಾಯ ಪ್ರಮಾಣಪತ್ರದ ಅವಧಿ ಮುಗಿದು, ಅಥವಾ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ದಿನ ದಾಟಿಹೋಗಿ ಸೀಟು ಕೈತಪ್ಪುವುದುಂಟು. ಅಂಕವೊಂದನ್ನು ಬಿಟ್ಟರೆ ಉಳಿದವೆಲ್ಲ ಮೊದಲೇ ತಿಳಿದಿದ್ದರೆ ಸರಿಪಡಿಸಿಕೊಳ್ಳಬಹುದಾದವು ಎಂಬ ಕಾರಣಕ್ಕೆ ಅವುಗಳ ವಿವರ ಇಲ್ಲಿ ಹೆಚ್ಚು ಅಗತ್ಯ.

ಯಾವ ವಿಶ್ವವಿದ್ಯಾಲಯ?

ಈ ಭಾಗದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ, ಅಂದರೆ ಅವುಗಳ ಪಠ್ಯಕ್ರಮ, ಪರೀಕ್ಷೆ, ಪದವಿ ಪ್ರದಾನವೆಲ್ಲ ಆ ವಿಶ್ವವಿದ್ಯಾಲಯದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಅದು ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿತ್ತು. 1949ರಲ್ಲಿ ಮುಂಬಯಿಯಲ್ಲಿಯೇ ಸ್ಥಾಪನೆಗೊಂಡು ಮರುವರ್ಷ ಧಾರವಾಡಕ್ಕೆ ಸ್ಥಳಾಂತರಗೊಂಡ ಕರ್ನಾಟಕ ವಿಶ್ವವಿದ್ಯಾಲಯವು, ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದಿದ್ದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಕಾಲದಲ್ಲಿ ಇಂದಿನ ಸ್ವರೂಪವನ್ನು ಪಡೆಯಿತು. ಮುಶಿಗೇರಿಯ ವಿದ್ಯಾರ್ಥಿಗೆ ಧಾರವಾಡವೇ ಮೊದಲ ಆಯ್ಕೆಯಾಗುವುದು ಸಹಜವಾದರೂ ಅದೊಂದೇ ಆಯ್ಕೆಯಲ್ಲ. ಗದಗ ಸಮೀಪದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಗ್ರಾಮ ಪಂಚಾಯ್ತಿ, ಸಹಕಾರ ಸಂಘ, ಗ್ರಾಮೀಣ ಆರೋಗ್ಯದಂಥ ಕ್ಷೇತ್ರಗಳಲ್ಲಿ ಕೆಲಸ ಮಾಡಬಯಸುವವರು ಜಿಲ್ಲೆಯೊಳಗೇ ಇರುವ ಇದರತ್ತ ಇನ್ನೂ ಹೆಚ್ಚು ಗಮನ ಹರಿಸಬಹುದು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಗಳೂ ದೂರದವೇನಲ್ಲ.

ಅರ್ಹತೆ ಬೇರೆ, ಆಯ್ಕೆ ಬೇರೆ

ಪ್ರವೇಶ ಅಧಿಸೂಚನೆಯಲ್ಲಿ, ಅಂದರೆ ಅರ್ಜಿ ಕರೆದು ವಿಶ್ವವಿದ್ಯಾಲಯ ಹೊರಡಿಸುವ ಪ್ರಕಟಣೆಯಲ್ಲಿ, ‘ಕನಿಷ್ಠ ಅರ್ಹತೆ’ ಎಂದು ಸೂಚಿಸುವ ಶೇಕಡಾವಾರು ಅಂಕವು ಅರ್ಜಿ ಹಾಕಲು ಬೇಕಾದ ಕೆಳಮಿತಿಯೇ ಹೊರತು ಸೀಟಿನ ಭರವಸೆಯಲ್ಲ. ಎಂ.ಬಿ.ಎ., ಎಂ.ಸಿ.ಎ.ಯಂಥ ವೃತ್ತಿಪರ ಕೋರ್ಸುಗಳಿಗೆ ಪದವಿಯಲ್ಲಿ ಒಟ್ಟು ಶೇ. 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಪ್ರವರ್ಗ 1ರವರಿಗೆ ಶೇ. 45 ಬೇಕಾದರೆ, ಸಾಮಾನ್ಯ ಎಂ.ಎ., ಎಂ.ಎಸ್‌ಸಿ., ಎಂ.ಕಾಂ.ಗಳ ಕೆಳಮಿತಿ ಬಹುಮಟ್ಟಿಗೆ ಇದಕ್ಕಿಂತ ಕಡಿಮೆ ಇರುತ್ತದೆ, ಆದರೆ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ, ಕೆಲವೊಮ್ಮೆ ಒಂದೇ ವಿಶ್ವವಿದ್ಯಾಲಯದ ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ. ಕೆಳಮಿತಿ ದಾಟಿದವರೆಲ್ಲರನ್ನೂ ಸೇರಿಸಿ ಮೆರಿಟ್ ಪಟ್ಟಿ ತಯಾರಾಗುತ್ತದೆ. ಇದು ಪದವಿಯ ಅಂಕದಿಂದಲೋ, ಪ್ರವೇಶ ಪರೀಕ್ಷೆಯ ಅಂಕದಿಂದಲೋ, ಎರಡನ್ನೂ ಕೂಡಿಸಿಯೋ ಸಿದ್ಧವಾಗಬಹುದು. ರಸಾಯನಶಾಸ್ತ್ರದಂಥ ಬೇಡಿಕೆಯ ವಿಭಾಗದಲ್ಲಿ ಶೇ. 70 ಪಡೆದವರಿಗೂ ಸೀಟು ಸಿಗದ ವರ್ಷದಲ್ಲಿಯೇ ಇನ್ನೊಂದು ವಿಭಾಗದಲ್ಲಿ ಸೀಟುಗಳು ಖಾಲಿ ಉಳಿಯಬಹುದು. ಅದರಿಂದ ಒಂದೇ ವಿಭಾಗಕ್ಕೆ ಅರ್ಜಿ ಹಾಕಿ ಸುಮ್ಮನಿರುವುದು ಜಾಣತನವಲ್ಲ.

ಶೇಕಡಾವಾರನ್ನು ಲೆಕ್ಕ ಹಾಕುವಲ್ಲಿಯೂ ಗೊಂದಲವಿದೆ. ಇಂದಿನ ಅಂಕಪಟ್ಟಿಗಳಲ್ಲಿ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರುಗಳ ಗ್ರೇಡ್ ಅಂಕಗಳ ಸರಾಸರಿ, ಮುದ್ರಿತವಾಗಿರುತ್ತದೆ. ಅದನ್ನು ಶೇಕಡಾವಾರಿಗೆ ಪರಿವರ್ತಿಸುವ ಸೂತ್ರವನ್ನು ಪದವಿ ನೀಡಿದ ವಿಶ್ವವಿದ್ಯಾಲಯವೇ ನಿಗದಿಪಡಿಸುವುದರಿಂದ ಬೇರೆ ರಾಜ್ಯಕ್ಕೆ ಅಥವಾ ಕೇಂದ್ರೀಯ ಸಂಸ್ಥೆಗೆ ಅರ್ಜಿ ಹಾಕುವವರು ಆ ಪರಿವರ್ತನೆಯ ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು. ಹಿಂದಿನ ಸೆಮಿಸ್ಟರಿನ ಒಂದೇ ಒಂದು ವಿಷಯ ಉಳಿದಿದ್ದರೂ, ಅಂದರೆ ಬ್ಯಾಕ್‌ಲಾಗ್ ಇದ್ದರೂ, ಪದವಿ ಪೂರ್ಣಗೊಂಡಂತಾಗದು. ಅಂತಿಮ ಸೆಮಿಸ್ಟರಿನ ಫಲಿತಾಂಶಕ್ಕೆ ಕಾಯುತ್ತಿರುವವರು ಅರ್ಜಿ ಹಾಕಲು ಅನೇಕ ಕಡೆ ಅವಕಾಶವಿದ್ದರೂ ದಾಖಲೆ ಪರಿಶೀಲನೆಯ ದಿನಕ್ಕೆ ಎಲ್ಲ ಅಂಕಪಟ್ಟಿಗಳು ಕೈಯಲ್ಲಿರಬೇಕಾಗುತ್ತದೆ.

ಇನ್ನು ವಿಷಯದ ನಿಯಮ. ಹೆಚ್ಚಿನ ಎಂ.ಎ. ಮತ್ತು ಎಂ.ಎಸ್‌ಸಿ. ಕೋರ್ಸುಗಳು ಅದೇ ವಿಷಯವನ್ನು ಪದವಿಯಲ್ಲಿ ಐಚ್ಛಿಕವಾಗಿ, ಅಂದರೆ ಭಾಷೆ ಮತ್ತು ಕಡ್ಡಾಯ ಪತ್ರಿಕೆಗಳ ಹೊರತಾಗಿ ಮುಖ್ಯ ವಿಷಯವಾಗಿ, ಓದಿರಬೇಕೆಂದು ಕೇಳುತ್ತವೆ. ಒಟ್ಟು ಅಂಕದ ಜೊತೆಗೆ ಆ ವಿಷಯದಲ್ಲಿಯೇ ಪ್ರತ್ಯೇಕ ಕನಿಷ್ಠ ಅಂಕವನ್ನೂ ವಿಧಿಸುವುದುಂಟು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ ಬಿ.ಎ. ಮುಗಿಸಿದ ವಿದ್ಯಾರ್ಥಿನಿ ಇಂಗ್ಲಿಷ್ ಎಂ.ಎ.ಗೆ ಹೋಗಬಯಸಿದರೆ ಆಕೆ ಇಂಗ್ಲಿಷನ್ನು ಭಾಷಾ ಪತ್ರಿಕೆಯಾಗಿ ಓದಿದ್ದು ಸಾಕೇ, ಐಚ್ಛಿಕವಾಗಿಯೇ ಬೇಕೇ ಎಂಬುದು ಅಧಿಸೂಚನೆಯ ಒಂದು ಸಾಲಿನಲ್ಲಿ ತೀರ್ಮಾನವಾಗಿರುತ್ತದೆ. ಸಮಾಜಕಾರ್ಯ, ಪತ್ರಿಕೋದ್ಯಮ, ಗ್ರಂಥಾಲಯ ವಿಜ್ಞಾನ, ಎಂ.ಬಿ.ಎ. ಮುಂತಾದವು ಸಾಮಾನ್ಯವಾಗಿ ಯಾವುದೇ ಪದವಿಯವರಿಗೆ ತೆರೆದಿದ್ದರೆ, ಎಂ.ಸಿ.ಎ.ಗೆ ಗಣಿತದ ಹಿನ್ನೆಲೆಯನ್ನು ಕೇಳಲಾಗುತ್ತದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಎಂ.ಎಸ್‌ಸಿ. (ಕೃಷಿ)ಗೆ ಕೃಷಿ ಪದವಿಯೇ ಬೇಕಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2025ರ ನಿಯಮಾವಳಿಯು ರಾಷ್ಟ್ರಮಟ್ಟದ ಅಥವಾ ವಿಶ್ವವಿದ್ಯಾಲಯ ಮಟ್ಟದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಪದವಿಯ ವಿಷಯ ಯಾವುದಿದ್ದರೂ ಬೇರೆ ವಿಷಯದ ಸ್ನಾತಕೋತ್ತರಕ್ಕೆ ಸೇರಲು ದಾರಿ ಮಾಡಿಕೊಟ್ಟಿದೆ; ಆದರೆ ರಾಜ್ಯದ ವಿಶ್ವವಿದ್ಯಾಲಯವೊಂದು ತನ್ನ ನಿಯಮದಲ್ಲಿ ಅದನ್ನು ಅಳವಡಿಸಿಕೊಂಡಿದೆಯೇ ಎಂದು ನೋಡದೆ ಅದನ್ನೇ ನಂಬಿ ಕೂರುವುದು ಸರಿಯಲ್ಲ.

ಪದವಿಯ ಅವಧಿಯ ಪ್ರಶ್ನೆಯೂ ಇತ್ತೀಚಿನ ವರ್ಷಗಳಲ್ಲಿ ಸೇರಿಕೊಂಡಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ 2021–22ರಿಂದ ನಾಲ್ಕು ವರ್ಷಗಳ ಆನರ್ಸ್ ಪದವಿ ಜಾರಿಗೆ ಬಂದಿತ್ತು, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ 2024–25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಯುಜಿಸಿ 2024ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷಗಳ ಪದವಿಯವರಿಗೆ ಸ್ನಾತಕೋತ್ತರ ಎರಡು ವರ್ಷಗಳದ್ದು, ನಾಲ್ಕು ವರ್ಷ ಓದಿದವರಿಗೆ ಒಂದು ವರ್ಷದ್ದೂ ಇರಬಹುದು. 2021–22ರಿಂದ 2023–24ರವರೆಗೆ ಪದವಿಗೆ ಸೇರಿದ ಮೂರು ತಂಡಗಳವರಲ್ಲಿ ನಾಲ್ಕನೆಯ ವರ್ಷ ಮುಗಿಸಿದವರು ತಮ್ಮ ಆಯ್ಕೆಯ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಕೋರ್ಸು ನಿಜವಾಗಿಯೂ ನಡೆಯುತ್ತಿದೆಯೇ ಎಂದು ವಿಭಾಗದಲ್ಲಿಯೇ ವಿಚಾರಿಸಬೇಕು. ವಿದೇಶಕ್ಕೆ ಹೋಗಬಯಸುವವರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯವಾದದ್ದು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷಗಳ ಶಿಕ್ಷಣವನ್ನು ಕೇಳುವುದರಿಂದ ಮೂರು ವರ್ಷಗಳ ಪದವಿಯವರು ಮೊದಲು ಇಲ್ಲಿಯೇ ಸ್ನಾತಕೋತ್ತರ ಮುಗಿಸಬೇಕಾಗಿ ಬರಬಹುದು.

ಪರೀಕ್ಷೆಗಳು ಮತ್ತು ಅವುಗಳ ಕಾಲ

ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿಜಿಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ಎಂ.ಬಿ.ಎ. ಮತ್ತು ಎಂ.ಸಿ.ಎ. ಪತ್ರಿಕೆಗಳು ಬಹು ಆಯ್ಕೆಯ 100 ಪ್ರಶ್ನೆಗಳ, ಎರಡು ಗಂಟೆಗಳ ಪತ್ರಿಕೆಗಳಾಗಿದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಕಾಗಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುತ್ತಿರುವ ಸಿಯುಇಟಿ–ಪಿಜಿ ಪರೀಕ್ಷೆ ಇದೆ. ಅಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಎಂಜಿನಿಯರಿಂಗ್ ಸ್ನಾತಕೋತ್ತರಕ್ಕೆ ಗೇಟ್, ಐಐಟಿಗಳ ಎಂ.ಎಸ್‌ಸಿ.ಗೆ ಜಾಮ್ ಎಂಬ ಪರೀಕ್ಷೆಗಳಿವೆ.

ಗಮನಿಸಬೇಕಾದದ್ದು ಇವುಗಳ ಕಾಲ. ಪಿಜಿಸಿಇಟಿ 2023ರಲ್ಲಿ ಸೆಪ್ಟೆಂಬರಿನಲ್ಲಿ, 2024ರಲ್ಲಿ ಜುಲೈನಲ್ಲಿ ನಡೆಯಿತು, ಅಂದರೆ ದಿನಾಂಕ ವರ್ಷ ವರ್ಷಕ್ಕೆ ಸರಿಯುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳ ಎಂ.ಎ., ಎಂ.ಕಾಂ. ಅಧಿಸೂಚನೆಗಳು ಪದವಿ ಪರೀಕ್ಷೆಗಳ ಆಸುಪಾಸಿನಲ್ಲಿ ಅಥವಾ ಫಲಿತಾಂಶದ ನಂತರ ಹೊರಬರುತ್ತವೆ. ಸಿಯುಇಟಿ–ಪಿಜಿ ಅರ್ಜಿಯಾದರೋ ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ, ಪರೀಕ್ಷೆ ಮಾರ್ಚ್‌ನಲ್ಲಿ. ಜಾಮ್ ಅರ್ಜಿ ಅದಕ್ಕೂ ಮೊದಲೇ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ‘ರಿಸಲ್ಟ್ ಬಂದ ಮ್ಯಾಗ ನೋಡೋಣ’ ಎನ್ನುವ ವಿದ್ಯಾರ್ಥಿಗೆ ಧಾರವಾಡದ ಬಾಗಿಲು ತೆರೆದಿರಬಹುದಾದರೂ ಕಡಗಂಚಿಯ, ಹೈದರಾಬಾದಿನ, ದೆಹಲಿಯ ಬಾಗಿಲುಗಳು ಆ ಹೊತ್ತಿಗೆ ಮುಚ್ಚಿರುತ್ತವೆ. ಈ ಭಾಗದಿಂದ ಕೇಂದ್ರೀಯ ವಿಶ್ವವಿದ್ಯಾಲಯ ಸೇರಬಯಸುವವರ ದಾರಿಗೆ ಬುದ್ಧಿಮತ್ತೆಯ ಕೊರತೆಗಿಂತಲೂ ಈ ಪಂಚಾಂಗದ ಅರಿವಿನ ಕೊರತೆಯೇ ಹೆಚ್ಚು ಅಡ್ಡಿಯಾಗುತ್ತದೆ ಎಂದರೆ ತಪ್ಪಾಗಲಾರದು.

ಮೀಸಲಾತಿ ಮತ್ತು ಗಡಿಯ ಪ್ರಶ್ನೆ

ರಾಜ್ಯದ ಮೀಸಲಾತಿಯಲ್ಲಿ ಪರಿಶಿಷ್ಟ ಜಾತಿಗೆ ಶೇ. 17, ಪರಿಶಿಷ್ಟ ಪಂಗಡಕ್ಕೆ ಶೇ. 7 (ಇವೆರಡೂ 2022ರ ಕಾಯ್ದೆ ಹೆಚ್ಚಿಸಿದ ಪ್ರಮಾಣ), ಪ್ರವರ್ಗ 1ಕ್ಕೆ ಶೇ. 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5 ನಿಗದಿಯಾಗಿದೆ. ಕೇಂದ್ರೀಯ ಸಂಸ್ಥೆಗಳಲ್ಲಿ ಈ ಪ್ರವರ್ಗಗಳು ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯೇ ಆಧಾರ, ಮತ್ತು ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಆ ಪಟ್ಟಿಯಲ್ಲಿಲ್ಲ. ಕೇಂದ್ರದ ಪಟ್ಟಿಯಲ್ಲಿಲ್ಲದ ಕುಟುಂಬದ ವಿದ್ಯಾರ್ಥಿಗೆ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದು ಆಸ್ತಿಯ ಮಿತಿಯೊಳಗೆ ಬಂದರೆ ಆರ್ಥಿಕವಾಗಿ ದುರ್ಬಲ ವರ್ಗದ, ಅಂದರೆ ಇಡಬ್ಲ್ಯುಎಸ್, ಪ್ರಮಾಣಪತ್ರ ದೊರೆಯಬಹುದು. ರಾಜ್ಯದ ನಮೂನೆಯ ಪ್ರಮಾಣಪತ್ರವನ್ನೇ ಕೇಂದ್ರದ ಅರ್ಜಿಗೆ ಜೋಡಿಸಿ ತಿರಸ್ಕೃತವಾಗುವುದು ಸುಲಭವಾಗಿ ತಪ್ಪಿಸಬಹುದಾದ ನಷ್ಟ.

ಗಜೇಂದ್ರಗಡ ಭಾಗಕ್ಕೆ ವಿಶಿಷ್ಟವಾದ ಇನ್ನೊಂದು ಸಂಗತಿ ಸಂವಿಧಾನದ 371(ಜೆ) ವಿಧಿಗೆ ಸಂಬಂಧಿಸಿದ್ದು. 2012ರ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯ ಪ್ರಯೋಜನ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಸ್ಥಳೀಯರಿಗೆ ಸಲ್ಲುತ್ತದೆ. ಆ ಪ್ರದೇಶದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳು ಅವರಿಗೆ ಮೀಸಲು. ಗದಗ ಜಿಲ್ಲೆ, ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಜಿಲ್ಲೆಯಾದ್ದರಿಂದ ಈ ವ್ಯಾಪ್ತಿಯ ಹೊರಗುಳಿದಿದೆ. ಹೀಗಾಗಿ ಮಳೆ, ಮಣ್ಣು, ಬೆಳೆ, ಬಡತನ ಎಲ್ಲವೂ ಒಂದೇ ತೆರನಾಗಿದ್ದರೂ ಪಕ್ಕದ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿಯ ವಿದ್ಯಾರ್ಥಿಗೆ ಇರುವ ಸೌಲಭ್ಯ ಗಡಿಯ ಈಚೆಗಿನ ವಿದ್ಯಾರ್ಥಿಗೆ ಇಲ್ಲ. ಇದರ ನ್ಯಾಯಾನ್ಯಾಯ ಬೇರೆ ಚರ್ಚೆಯ ವಿಷಯ. ಪ್ರವೇಶದ ಮಟ್ಟಿಗೆ ಹೇಳುವುದಾದರೆ, ಬಳ್ಳಾರಿ ಅಥವಾ ಕಲಬುರಗಿಯ ರಾಜ್ಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಮುಶಿಗೇರಿಯ ವಿದ್ಯಾರ್ಥಿ ಉಳಿದ ಶೇ. 30ರೊಳಗೆ ಸ್ಪರ್ಧಿಸಬೇಕೆಂಬ ಲೆಕ್ಕವನ್ನು ಮೊದಲೇ ಇಟ್ಟುಕೊಳ್ಳಬೇಕು.

ಕಾಗದಪತ್ರಗಳು

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ (ಹೆಸರು ಮತ್ತು ಜನ್ಮದಿನಾಂಕಕ್ಕೆ ಇದೇ ಆಧಾರ), ಪಿಯುಸಿ ಅಂಕಪಟ್ಟಿ, ಪದವಿಯ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇವು ಎಲ್ಲೆಡೆ ಬೇಕಾಗುತ್ತವೆ. ಬೇರೆ ವಿಶ್ವವಿದ್ಯಾಲಯ ಸೇರುವವರಿಗೆ ಇವುಗಳ ಜೊತೆ ವಲಸೆ ಪ್ರಮಾಣಪತ್ರ, ಅಂದರೆ ವಿದ್ಯಾರ್ಥಿ ಇನ್ನು ಮುಂದೆ ತನ್ನಲ್ಲಿ ನೋಂದಾಯಿತನಲ್ಲವೆಂದು ಹಳೆಯ ವಿಶ್ವವಿದ್ಯಾಲಯ ಕೊಡುವ ಪತ್ರ, ಅಗತ್ಯ; ಧಾರವಾಡದಲ್ಲಿ ಪದವಿ ಪಡೆದು ಧಾರವಾಡದಲ್ಲಿಯೇ ಮುಂದುವರಿಯುವವರಿಗೆ ಅದರ ಗೊಡವೆಯಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಮತ್ತು ಪರೀಕ್ಷಾ ವಿವರಗಳು ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶದಲ್ಲಿ ದಾಖಲಾಗುವುದರಿಂದ ಪದವಿಯ ಕಾಲದಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಮತ್ತು ಪಾಸ್‌ವರ್ಡನ್ನು ಕಳೆದುಕೊಳ್ಳದಿರುವುದು ಒಳ್ಳೆಯದು. ಸೈಬರ್ ಅಂಗಡಿಯವರ ಸಂಖ್ಯೆಯನ್ನು ಕೊಟ್ಟು ನೋಂದಾಯಿಸಿದವರು ಮುಂದೆ ಒಟಿಪಿಗಾಗಿ ಅವರ ಹಿಂದೆ ಅಲೆಯಬೇಕಾಗುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹೋಬಳಿಯ ನಾಡಕಚೇರಿಯಲ್ಲಾಗಲಿ ಊರಿನ ಗ್ರಾಮ ಒನ್ ಕೇಂದ್ರದಲ್ಲಾಗಲಿ ಅರ್ಜಿ ಹಾಕಬಹುದು. ಪ್ರಮಾಣಪತ್ರದ ಮೇಲೆ ಆರ್‌ಡಿ ಎಂಬ ಅಕ್ಷರಗಳಿಂದ ಆರಂಭವಾಗುವ ಒಂದು ಸಂಖ್ಯೆ ಮುದ್ರಿತವಾಗಿರುತ್ತದೆ. ಆನ್‌ಲೈನ್ ಅರ್ಜಿಯಲ್ಲಿ ಪ್ರಮಾಣಪತ್ರಕ್ಕಿಂತ ಈ ಸಂಖ್ಯೆಯೇ ಮುಖ್ಯ, ಏಕೆಂದರೆ ಗಣಕವು ಹೆಸರು, ಜಾತಿ, ಆದಾಯಗಳನ್ನು ಅದರ ಮೂಲಕವೇ ತಾಳೆ ನೋಡುತ್ತದೆ. ಪರಿಶಿಷ್ಟರ ಮತ್ತು ಪ್ರವರ್ಗ 1ರ ಜಾತಿ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲವಾದರೆ 2ಎ, 2ಬಿ, 3ಎ, 3ಬಿಗಳ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿ. ಪಿಯುಸಿ ಮೊದಲ ವರ್ಷದಲ್ಲಿ ಮಾಡಿಸಿದ್ದು ಸ್ನಾತಕೋತ್ತರ ಪ್ರವೇಶದ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಗಜೇಂದ್ರಗಡ ಪ್ರತ್ಯೇಕ ತಾಲ್ಲೂಕಾದ ಮೇಲೆ ಅಲ್ಲಿನ ಹಳ್ಳಿಗಳವರ ಹಳೆಯ ದಾಖಲೆಗಳಲ್ಲಿ ರೋಣ ತಾಲ್ಲೂಕೆಂದೂ, 1997ಕ್ಕಿಂತ ಹಿಂದಿನ ತಂದೆತಾಯಿಗಳ ದಾಖಲೆಗಳಲ್ಲಿ ಧಾರವಾಡ ಜಿಲ್ಲೆಯೆಂದೂ ಇರುವುದು ದೋಷವಲ್ಲ.

ದೋಷವಾಗುವುದು ಹೆಸರಿನ ವ್ಯತ್ಯಾಸ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳಿರುವುದರಿಂದ ಅಂಕಪಟ್ಟಿಯಲ್ಲಿ ಅಡ್ಡಹೆಸರು ಪೂರ್ಣವಾಗಿಯೂ ಆಧಾರ್‌ನಲ್ಲಿ ಒಂದೇ ಅಕ್ಷರವಾಗಿಯೂ ಇರುವುದು, ಊರ ಹೆಸರನ್ನೇ ಅಡ್ಡಹೆಸರಾಗಿ ಉಳ್ಳ ಮುಶಿಗೇರಿ ಮನೆತನದವರ ಹೆಸರಿನಲ್ಲಿ ‘ಶಿ’ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ ಎಸ್ ಮಾತ್ರ, ಇನ್ನೊಂದು ಕಡೆ ಎಸ್ ಮತ್ತು ಎಚ್ ಬಳಕೆಯಾಗುವುದು ಇವೆಲ್ಲ ಸಾಮಾನ್ಯ. ಮನುಷ್ಯರಿಗೆ ಇದು ಅರ್ಥವಾಗುತ್ತದೆ, ತಂತ್ರಾಂಶಕ್ಕೆ ಆಗದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೆ ಆಧಾರನ್ನು ಸರಿಹೊಂದಿಸುವುದು ಸುಲಭ, ಅಂಕಪಟ್ಟಿಯನ್ನು ಆಧಾರಿಗೆ ಸರಿಹೊಂದಿಸುವುದು ಕಷ್ಟ. ಆದ್ದರಿಂದ ತಿದ್ದುಪಡಿಯನ್ನು ಐದನೆಯ ಸೆಮಿಸ್ಟರಿನಲ್ಲಿಯೇ ಮುಗಿಸಬೇಕು.

ಶುಲ್ಕ ಮತ್ತು ನೆರವು

ಪ್ರವೇಶದ ಶುಲ್ಕ ಕಟ್ಟುವ ದಿನಗಳು ಅನೇಕ ವೇಳೆ ಬಿತ್ತನೆಯ ಖರ್ಚು ಮುಗಿದು ಹೆಸರುಕಾಳಿನ ರಾಶಿ ಇನ್ನೂ ಮನೆಗೆ ಬಾರದ ದಿನಗಳಾಗಿರುವುದರಿಂದ ಎರೆಭೂಮಿಯ ಒಣಬೇಸಾಯದ ಕುಟುಂಬಗಳಿಗೆ ಹಣದ ಪ್ರಶ್ನೆ ಗಂಭೀರವಾದದ್ದೇ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವಾದ ಎಸ್‌ಎಸ್‌ಪಿಯ ಮೂಲಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಯೋಜನೆಗಳಿಗೆ ಅರ್ಜಿ ಹಾಕಬಹುದು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 10,000, ಹೆಣ್ಣುಮಕ್ಕಳಿಗೆ 11,000 ರೂಪಾಯಿ ನಿಗದಿಯಾಗಿತ್ತು. ಇದಕ್ಕೆ ತಂದೆ ಅಥವಾ ತಾಯಿಯ ಜಮೀನು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿ ಎಫ್‌ಐಡಿ ಸಂಖ್ಯೆ ಪಡೆದಿರಬೇಕು. ಈ ನೆರವುಗಳೆಲ್ಲ ಪ್ರವೇಶದ ನಂತರ ಬರುವಂಥವು, ಪ್ರವೇಶದ ದಿನದ ಹಣವನ್ನು ಮಾತ್ರ ಹೊಂದಿಸಿಟ್ಟುಕೊಂಡಿರಲೇಬೇಕು.

ಒಂದು ಕಡೆ ಶುಲ್ಕ ಕಟ್ಟಿದ ಮೇಲೆ ಇನ್ನೊಂದು ಕಡೆ ಉತ್ತಮ ಸೀಟು ಸಿಕ್ಕರೆ ಹಣ ಹೋಯಿತೆಂದು ಕೈಚೆಲ್ಲಬೇಕಿಲ್ಲ. ಯುಜಿಸಿಯ 2018ರ ಪ್ರಕಟಣೆಯ ಪ್ರಕಾರ ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟವರಿಗೆ ಪೂರ್ಣ ಶುಲ್ಕ, ಆ ನಂತರ ಹಂತ ಹಂತವಾಗಿ ಶೇ. 90, 80, 50 ಮರಳಿಸಬೇಕು, ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆ ತನ್ನಲ್ಲಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಇದನ್ನು ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಮೇಲು.

ಸಂಶೋಧನೆಯ ಹಂತ

ಪಿಎಚ್.ಡಿ.ಗೆ ಯುಜಿಸಿಯ 2022ರ ನಿಯಮಾವಳಿಯಂತೆ ಸ್ನಾತಕೋತ್ತರದಲ್ಲಿ ಶೇ. 55, ಅಥವಾ ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಅಂಕ ಬೇಕು. ಪರಿಶಿಷ್ಟರು, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ ಶೇ. 5ರ ವಿನಾಯಿತಿಯಿದೆ. ಎಂ.ಫಿಲ್. ಪದವಿ ಇದೇ ನಿಯಮಾವಳಿಯಿಂದ ನಿಂತುಹೋಯಿತು. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿ–ನೆಟ್ ಪರೀಕ್ಷೆಯ ಅಂಕವನ್ನು 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದಾಗಿದ್ದು, ಜೂನಿಯರ್ ರಿಸರ್ಚ್ ಫೆಲೋಶಿಪ್ ಪಡೆಯದೆ ಉತ್ತೀರ್ಣರಾದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕವಿರುತ್ತದೆ, ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಎಂ.ಎ. ಹಂತದಲ್ಲಿ ಶೇ. 54 ಪಡೆದು ತೃಪ್ತರಾದವರಿಗೆ ಕಾಲೇಜು ಅಧ್ಯಾಪಕರಾಗುವ ದಾರಿಯೂ ಸಂಶೋಧನೆಯ ದಾರಿಯೂ ಒಟ್ಟಿಗೇ ಕಠಿಣವಾಗುವುದರಿಂದ, ಶೇ. 55ರ ಗೆರೆಯನ್ನು ಸ್ನಾತಕೋತ್ತರ ಸೇರಿದ ಮೊದಲ ಸೆಮಿಸ್ಟರಿನಿಂದಲೇ ಕಣ್ಣೆದುರಿಗೆ ಇಟ್ಟುಕೊಳ್ಳಬೇಕು.

ಮನೆಯ ಹೊಣೆಯಿಂದ ಊರು ಬಿಡಲಾಗದವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಸ್ನಾತಕೋತ್ತರ ಓದಬಹುದು. ಆದರೆ ದೂರಶಿಕ್ಷಣ ಯಾವ ಸಂಸ್ಥೆಯದಾದರೂ ಆ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯೇ ಎಂದು ಆಯೋಗದ ಜಾಲತಾಣದಲ್ಲಿ ನೋಡಿಯೇ ಹಣ ಕಟ್ಟಬೇಕು. ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕದ ಹೆಸರಿನ ಸಂಸ್ಥೆಯೊಂದು ಅನೇಕ ವರ್ಷ ಕಾಣಿಸಿಕೊಂಡಿತ್ತು.

ಈ ಲೇಖನದ ಅಂಕಿಗಳು ಸಾಮಾನ್ಯ ತಿಳಿವಳಿಕೆಗೆ. ಅಂತಿಮ ಮಾತು ಆಯಾ ವರ್ಷದ ಅಧಿಸೂಚನೆಯದು. ಅಧಿಸೂಚನೆಯನ್ನು ಸೈಬರ್ ಅಂಗಡಿಯವರಿಂದ ಕೇಳಿ ತಿಳಿಯದೆ ವಿಶ್ವವಿದ್ಯಾಲಯದ ಜಾಲತಾಣದಿಂದ ಇಳಿಸಿಕೊಂಡು, ಅರ್ಹತೆ, ವಿಷಯ, ದಿನಾಂಕ, ದಾಖಲೆ ಎಂಬ ನಾಲ್ಕು ಭಾಗಗಳನ್ನು ಸ್ವತಃ ಓದಿ, ಅನುಮಾನವಿದ್ದ ಸಾಲಿಗೆ ಗುರುತು ಹಾಕಿಕೊಂಡು ವಿಭಾಗದ ಕಚೇರಿಗೆ ಹೋಗಿ ವಿಚಾರಿಸಬೇಕು. ರಾಜ್ಯ ಸರ್ಕಾರದ ಶಕ್ತಿ ಯೋಜನೆಯಿಂದಾಗಿ ಹೀಗೆ ವಿಚಾರಿಸಲು ಹೋಗುವ ವಿದ್ಯಾರ್ಥಿನಿಯರಿಗೆ 2023ರ ಜೂನ್‌ನಿಂದ ಧಾರವಾಡದವರೆಗಿನ ಸಾಮಾನ್ಯ ಬಸ್ಸಿನ ಪ್ರಯಾಣಕ್ಕೆ ಟಿಕೆಟ್ ಹಣ ಬೇಕಿಲ್ಲ.